ಅವರೆಕಾಯಿ ಬಣ್ಣದ ಲ್ಯಾಂಡ್‌ಮಾಸ್ಟರ್

ನಮ್ಮ ಮನೆಯಲ್ಲಿ ಹಳೆಯ ವಸ್ತುಗಳನ್ನು ಪ್ರೀತಿಸುವ ಖಾತೆ ಯಜಮಾನರದು, ಅವುಗಳ ಧೂಳು ಹೊಡೆಯುವ ಖಾತೆ ನನ್ನದು. ತಾತನ ಹಿತ್ತಾಳೆ ಚೊಂಬು, ತಾಮ್ರದ ಹಂಡೆ, ನಿಂತುಹೋದ ಗಡಿಯಾರ, ಎಲ್ಲವೂ ಅವರ ಪಾಲಿಗೆ ಅಭಿಮಾನ, ನನ್ನ ಪಾಲಿಗೆ ಹುಣಿಸೆಹಣ್ಣು, ಚಿಂದಿಬಟ್ಟೆ. ಹೀಗಿರುವಾಗ ಮಹದೇವಸ್ವಾಮಿ ಎಂಬ ಈ ನನ್ನ ಪತಿದೇವರು, ಅಂಬಾಸಡರಿಗೂ ಹಿರಿಯಣ್ಣನಾದ ಒಂದು ಲ್ಯಾಂಡ್‌ಮಾಸ್ಟರ್ ಕಾರನ್ನು ಜೀರಹಳ್ಳಿಯ ಯಾರದೋ ಕೊಟ್ಟಿಗೆಯಿಂದ ಕೊಂಡು, ಟ್ರಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಪಣಕಹಳ್ಳಿಗೆ ತಂದರು.

ಬೈಯಲು ಬಾಯಿ ತೆರೆದುಕೊಂಡೇ ಹೊರಗೆ ಬಂದೆ. ತೆರೆದ ಬಾಯಿ ಹಾಗೇ ಉಳಿಯಿತು. ಎಮ್ಮೆಯ ಹೆಗಲಿನಂಥ ಮಡ್‌ಗಾರ್ಡು, ಕೋಳಿಗಳು ಮೊಟ್ಟೆಯಿಟ್ಟು ಎದ್ದುಹೋದ ಸೀಟು, ಮೈತುಂಬ ಸಗಣಿ, ಮಸಿ, ಜೇಡರ ಬಲೆ. ಆದರೂ ಅದು ನಿಂತ ಗತ್ತಿಗೆ ನಮ್ಮ ಮನೆಯೇ ಎದುರು ಕೈಕಟ್ಟಿ ನಿಂತ ಹಾಗಿತ್ತು. ಅತ್ತೆ ಪುಟ್ಟನಂಜಮ್ಮ ಚಪ್ಪಲಿ ಬಿಟ್ಟು ಅದನ್ನು ಒಂದು ಸುತ್ತು ಬಂದರು. (ನಾನು ಈ ಮನೆಗೆ ಕಾಲಿಟ್ಟ ದಿನ ಇಷ್ಟು ಗೌರವ ಸಿಕ್ಕಿರಲಿಲ್ಲ.)

"ಕಂಪ್ನಿಯಿಂದ ಈಚೆ ಬಂದಾಗ ಎಂಗಿತ್ತೋ ಅಂಗೇ ಮಾಡ್ಬೇಕು ಕಣಮ್ಮಿ. ಬಣ್ಣ, ಸೀಟು, ಬೋಲ್ಟು, ಎಲ್ಲ," ಎಂದರು ಇವರು.

"ಇಂಜಿನ್ ಓಡ್ಲಿ, ಬಾಗ್ಲು ಮುಚ್ಲಿ, ಸಾಕು. ಬೀನ್ಸ್ ಮಂಕರಿ ಒತ್ಕಂಡು ಬಸ್ನಲ್ಲಿ ನಿಂತು ತಾಳವಾಡಿ ಸಂತೆಗೆ ಓಗೋದು ತಪ್ತದೆ ನಂಗೆ."

"ಇಂಥಾ ಕಾರ್ಗೆ ಬೀನ್ಸ್ ತುಂಬೋದಾ?"

"ಮತ್ತೆ ಮಲ್ಲಿಗೆ ತುಂಬ್ತೀರಾ? ಇದ ತಿಕ್ಕೋರು ಯಾರು, ಅದೇಳಿ ಮೊದ್ಲು."

ಅವರು ಆಕಾಶ ನೋಡಿದರು. ಆಗಲೇ ನಾನು ಅತ್ತೆಯವರ ಘನ ಅಧ್ಯಕ್ಷತೆಯಲ್ಲಿ ಒಂದು ಶಾಸನ ಹೊರಡಿಸಿದೆ: ತಿಕ್ಕುವವರು ಎಲ್ಲಿ ನಿಲ್ಲಿಸುತ್ತಾರೋ ಕಾರಿನ ಉದ್ಧಾರವೂ ಅಲ್ಲಿಗೇ ನಿಲ್ಲಬೇಕು, ತಿಕ್ಕದವರು ತುಟಿ ಬಿಚ್ಚಬಾರದು. ಇವರ ರಟ್ಟೆಯ ಬಲ ನನಗೆ ಗೊತ್ತಿತ್ತು. ಒಂದು ಬಾಗಿಲು ತಿಕ್ಕುವಷ್ಟರಲ್ಲಿ ಸುಸ್ತಾಗುತ್ತಾರೆ, ನನ್ನ ಬೀನ್ಸಿಗೆ ಕಾರು ಸಿಗುತ್ತದೆ.

ಅಂದುಕೊಂಡದ್ದಕ್ಕಿಂತ ಬೇಗ ಗೆದ್ದೆ. ಅರ್ಧ ಬಾಗಿಲಿಗೇ ಇವರ ಸೊಂಟ ಹಿಡಿಯಿತು. "ಸಾಕು ಬುಡು. ಮೆಕ್ಯಾನಿಕ್ ಕರ್ಸಿ ಇಂಜಿನ್ ಮಾಡುಸ್ಬುಡ್ತೀನಿ," ಎಂದು ಜಗುಲಿಗೆ ಒರಗಿದರು. ಅವರು ಎಸೆದ ಹಳೆ ಲುಂಗಿಯ ಚೂರನ್ನು ಎತ್ತಿಡಲು ಹೋದವಳು, ಅಭ್ಯಾಸಬಲ ನೋಡಿ, ಅವರು ಬಿಟ್ಟಿದ್ದ ಒಂದು ಮೂಲೆಯನ್ನು ಒರೆಸಿದೆ.

ಮಸಿಯ ಅಡಿಯಿಂದ ಬಣ್ಣವೊಂದು ಕಣ್ಣು ಬಿಟ್ಟಿತು. ಎಳೆ ಅವರೆಕಾಯಿ ಬಿಡಿಸಿದಾಗ ಸಿಪ್ಪೆಯ ಒಳಮೈ ಇರುತ್ತದಲ್ಲ, ಆ ಹಸಿರು. ಯಾರ ಕೈಯೂ ತಾಕದಂತಿದ್ದ ತಣ್ಣನೆಯ ಹಸಿರು. ಅದರೊಳಗೆ ನನ್ನ ಮುಖ ಕಂಡಿತು, ಹಿಂದೆ ಬೆಟ್ಟ ಕಂಡಿತು. ಉಸಿರು ಬಿಟ್ಟರೆ ಮಾಸೀತೆಂದು ಹೆದರಿಕೆಯಾಯಿತು. ಇನ್ನೊಂದು ಗೇಣು ನೋಡೋಣವೆಂದು ಒರೆಸಿದೆ. ಅನ್ನ ಸೀದ ವಾಸನೆ ಮೂಗಿಗೆ ಬಡಿದಾಗ ಡಿಕ್ಕಿಯ ಹತ್ತಿರ ಇದ್ದೆ.

ಅಲ್ಲಿಂದಾಚೆಗೆ ನನ್ನನ್ನು ಹಿಡಿಯುವವರಿರಲಿಲ್ಲ. ಇವರು ಒಲೆ ಹಚ್ಚಲು ಕಲಿತರು. (ಸ್ತ್ರೀ ವಿಮೋಚನೆ ಎಂದು ಹಿಗ್ಗಬೇಡಿ, ಪಾತ್ರೆಯಿಂದ ಬಿಡುಗಡೆ ಪಡೆದು ಬಂಪರಿಗೆ ಜೀತ ಹೋಗಿದ್ದೆ.) ಕಾರಿನ ತಳ ತುಕ್ಕು ತಿಂದು ಜರಡಿಯಾಗಿತ್ತು. ತಗಡು ಬಡಿಸುವ ಮೊದಲೇ ಅತ್ತೆ, ಬಿದಿರ ಮಂಕರಿಯ ಸಂದು ಮುಚ್ಚುವ ಹಾಗೆ, ಅರೆದ ಮೆಂತ್ಯ ಬೆರೆಸಿದ ಸಗಣಿಯಿಂದ ಅದನ್ನು ಸಾರಿಸಿ, ಅಂಚಿಗೆ ರಂಗೋಲಿಯನ್ನೂ ಎಳೆದುಬಿಟ್ಟರು.

"ಕಂಪ್ನಿಯೋರು ಸಗಣಿ ಬಳ್ದಿದ್ರೇನವ್ವಾ?" ಇವರು ಹಣೆ ಚಚ್ಚಿಕೊಂಡರು.

"ಅವ್ರಿಗೆ ಗೊತ್ತಿರ್ನಿಲ್ಲ ಕಣ್ಲಾ. ಗೊತ್ತಿದ್ರೆ ಬಳೀತಿದ್ರು. ಸಾರ್ಸಿದ ಜಾಗ, ಎಕ್ಕಡ ಆಕ್ಕಂಡು ಯಾರೂ ಅತ್ಬ್ಯಾಡಿ."

ಸಂತೆಯ ದಿನ ಬಂತು. ಮೆಕ್ಯಾನಿಕ್ ಕೈಯಲ್ಲಿ ಜೀವ ಬಂದ ಇಂಜಿನ್ ಗುಡುಗುಡು ಎನ್ನುತ್ತಿತ್ತು. ಇವರು ಬೀನ್ಸ್ ಮಂಕರಿಯನ್ನು ಹಿಂದಿನ ಬಾಗಿಲಿಗೆ ಹೊತ್ತು ತಂದರು. ಮಂಕರಿಯ ತಳದಿಂದ ಕೆಮ್ಮಣ್ಣು ಉದುರಿತು.

"ನಿಲ್ಲಿ," ಎಂದೆ.

"ಏನಾಯ್ತು?"

"ಮಣ್ಣು."

"ಒಲದ ಬೀನ್ಸ್ ಕಣಮ್ಮಿ, ಮಣ್ಣಿರ್ದೆ ಇನ್ನೇನಿದ್ದದು?"

"ಸಾರ್ಸಿದ ನೆಲ ಅದು. ಮೇಲಾಗಿ ಬಾಗ್ಲು ಒಳಮೈ ಇನ್ನೂ ತಿಕ್ಕಿಲ್ಲ. ನಾನು ನಿಲ್ಸಿಲ್ಲ."

ಇವರು ತಾಯಿಯ ಕಡೆ ನೋಡಿದರು. ಅತ್ತೆ ನನ್ನ ಪರವಾಗಿ ತಲೆಯಾಡಿಸಿದರು. (ಇದು ಚರಿತ್ರೆಯಲ್ಲೇ ಮೊದಲು.) ಇವರು ಇಂಜಿನ್ ಆರಿಸಿ, ಮಂಕರಿಯನ್ನು ನನ್ನ ತಲೆಗೆ ಎತ್ತಿಕೊಟ್ಟರು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಹೊಲಕ್ಕೆ ಕೂಲಿಗೆ ಬರುವ ಚಿಕ್ಕತಾಯಮ್ಮ ಕಿಟಕಿಯ ಪಕ್ಕ ಕೂತಿದ್ದಳು.

"ಅಕ್ಕೋ, ಕಾರ್ ಕೆಟ್ಟೋಯ್ತಾ?"

"ಇಲ್ಲ, ಚೆನ್ನಾಗದೆ."

"ಮತ್ಯಾಕೆ ಬಸ್ಸು?"

"ಚೆನ್ನಾಗದೆ ಅಂದ್ನಲ್ಲ."

ಪಾಪ, ಅವಳು ಸರಿದು ಅಂಗೈಯಗಲ ಜಾಗ ಕೊಟ್ಟಳು. "ಅಲ್ನೋಡಿ, ನಿಮ್ಮೊಲದ ಮ್ಯಾಲೆ ಎಂಥಾ ಮೋಡ," ಎಂದು ಹೊರಗೆ ತೋರಿಸಿದಳು. ಗಾಜಿನ ತುಂಬ ಧೂಳು. ಮೋಡ ಕಾಣಲೆಂದು ಸೆರಗಿನಿಂದ ಒಂದು ಮೂಲೆ ಒರೆಸಿದೆ. ಅಡಿಯಿಂದ ಬೆಟ್ಟದ ನೀಲಿ ಇಣುಕಿತು.

ತಾಳವಾಡಿಯಲ್ಲಿ ಎಲ್ಲರೂ ಇಳಿದರು. ನನ್ನ ಮಂಕರಿಯನ್ನೂ ಇಳಿಸಿಕೊಂಡ ಚಿಕ್ಕತಾಯಮ್ಮ ಕೆಳಗಿನಿಂದ ಕೂಗಿದಳು, "ಬನ್ನಿ ಅಕ್ಕೋ, ಸಂತೆ ಮುಗ್ದೋಯ್ತದೆ."

"ನೀ ನಡಿ," ಎಂದೆ, "ಈ ಕಡೆ ಗಾಜಿನ ಸಾಲು ಒಂದ ಮುಗಿಸ್ಬುಟ್ಟು ಬತ್ತೀನಿ."