ಕಣಕುಂಬಿ ಕಪ್ಪೆಯ ಪ್ರೋಟೀನು

ಎಲ್ಲಕ್ಕೂ ಕಾರಣ ಒಂದು ಫ್ರಿಜ್ಜು. ಪಿಎಚ್.ಡಿ. ವಿದ್ಯಾರ್ಥಿ ಯಲ್ಲೇಶ ಮಳೆಗಾಲವಿಡೀ ಖಾನಾಪುರದಾಚೆಯ ಕಣಕುಂಬಿ ಕಾಡಿನಲ್ಲಿ ಜಿಗಣೆಗಳಿಗೆ ರಕ್ತದಾನ ಮಾಡಿ, ಒಂದು ಕಪ್ಪೆಯ ಮೈಮೇಲಿನ ಬೆಳ್ಳನೆಯ ಲೋಳೆಯನ್ನು ಸೀಸೆಯಲ್ಲಿ ತಂದಿದ್ದ. ವಿಶ್ವವಿದ್ಯಾಲಯದ ತನ್ನ ವಿಭಾಗದ ಫ್ರಿಜ್ಜಿನಲ್ಲಿ ಪ್ರಾಧ್ಯಾಪಕರ ಊಟದ ಡಬ್ಬಿಗಳು ಸಂಶೋಧನೆ ನಡೆಸುತ್ತಿದ್ದುದರಿಂದ, ಸೀಸೆಯನ್ನು ಬೆಳಗಾವಿಯ ಶಹಾಪುರದಲ್ಲಿ ತಾನಿದ್ದ ಬಾಡಿಗೆ ಮನೆಯ ಮಾಲಕಿ ಸಾವಂತ್ರವ್ವನ ಫ್ರಿಜ್ಜಿನಲ್ಲಿಟ್ಟ. ಸಾವಂತ್ರವ್ವ ಎಮ್ಮೆ ಕಟ್ಟಿ ಓಣಿಗೆಲ್ಲ ಹಾಲು ಹಾಕುವವಳು. ಆ ಹಾಲಿನಲ್ಲಿ ಹಾಲನ್ನು ಹುಡುಕುವುದೂ ಒಂದು ಸಂಶೋಧನೆಯೇ.

ಆಮೇಲೆ ಸೀಸೆ ದೊಡ್ಡ ಪ್ರಯೋಗಾಲಯಕ್ಕೆ ಹೋಯಿತು. ಅಲ್ಲಿಂದ ಪ್ರೋಟೀನಿನ ಅಮೈನೊ ಆಮ್ಲಗಳ ಸಾಲು ಉದ್ದನೆಯ ಅಕ್ಷರಮಾಲೆಯಾಗಿ ಬಂತು. ಆ ಸಾಲು ಹೇಗೆ ಮಡಚಿಕೊಂಡು ಯಾವ ಆಕಾರ ತಾಳುತ್ತದೆಂದು ಕಂಪ್ಯೂಟರು ಊಹಿಸಿ ಹೇಳಬೇಕು. ಇವತ್ತು ಹೊಸ ಪ್ರೋಟೀನು ತೋರಿಸದಿದ್ದರೆ ಪಿಎಚ್.ಡಿ. ನೋಂದಣಿ ರದ್ದು ಎಂದು ಗೈಡ್ ಪ್ರಮಿಳಾ ಮೇಡಂ ಹೇಳಿಬಿಟ್ಟಿದ್ದರು.

ಬೆಳಿಗ್ಗೆ ನೋಡಿದರೆ ಪರದೆಯ ಮೇಲೆ ಪ್ರೋಟೀನು ಹೊಸ ಸೀರೆಯ ನಿರಿಗೆಯಂತೆ ಅಚ್ಚುಕಟ್ಟಾಗಿ ಮಡಚಿ ಕೂತಿತ್ತು. ನೂರಕ್ಕೆ ತೊಂಬತ್ತಾರು ಖಚಿತ ಎಂದಿತು ಕಂಪ್ಯೂಟರು. ಯಲ್ಲೇಶ ಕೂಗಿದ ಕೂಗಿಗೆ ಓಣಿಯೇ ಒಳನುಗ್ಗಿತು.

"ನಮ್ಮ ಯಲ್ಲೇಶ ಕಪ್ಪಿ ಔಷಧ ಕಂಡಹಿಡದಾನ!" ಎಂದು ಸಾವಂತ್ರವ್ವ ಸಾರಿದಳು.

ಬಾಜೂ ಮನೆಯ ಸಾತಪ್ಪ ಧೋತರ ಮೇಲೆತ್ತಿದ. "ನನ್ನ ಮೊಣಕಾಲಿಗಿ ಹಚ್ಚಬಹುದೇನೋ ತಮ್ಮಾ?"

"ಔಷಧ ಅಲ್ರೀ ಕಾಕಾ. ಆಕಾರ ಅಷ್ಟ ಗೊತ್ತಾಗೇತಿ."

"ಬರೇ ಆಕಾರ ತಗೊಂಡು ಏನ್ ಮಾಡೂದು? ಇರಲಿ, ನಮ್ಮ ಓಣಿ ಹುಡುಗ" ಎಂದು ಸಾತಪ್ಪ, ಯಾವುದೋ ಸನ್ಮಾನದಲ್ಲಿ ತನಗೆ ಯಾರೋ ಹೊದಿಸಿದ್ದ ಶಾಲನ್ನು ಯಲ್ಲೇಶನಿಗೆ ಹೊದಿಸಿದ. ಮೇಡಂ ಹೊಗಳುವುದನ್ನು ಕಣ್ಣಾರೆ ನೋಡಬೇಕೆಂದು ಸಾವಂತ್ರವ್ವನೂ ಸಾತಪ್ಪನೂ ಯಲ್ಲೇಶನ ಜೊತೆ ರಿಕ್ಷಾ ಹತ್ತಿಯೇಬಿಟ್ಟರು.

ಮೇಡಂ ಚಿತ್ರವನ್ನು ನೋಡಿದವರೇ ಹುಬ್ಬು ಗಂಟಿಕ್ಕಿದರು. "ಹೊಸಾ ಪ್ರೋಟೀನ್ ಇದ್ದಿದ್ರ ಕಂಪ್ಯೂಟರ್ ಇಷ್ಟ್ ಧೈರ್ಯಾದಿಂದ ಹೇಳ್ತಿದ್ದಿಲ್ಲ. ಇದರಂಥಾದ್ದು ಅದು ಮೊದಲ ನೋಡೇತಿ. ಅಕ್ಷರ ಬಂದ ಕೂಡ್ಲೇ ಇದು ಯಾರದ್ದು ಅಂತ ಹುಡುಕಿ ನೋಡಿದ್ಯೇನು?"

ಯಲ್ಲೇಶ ನೋಡಿರಲಿಲ್ಲ. ಮೇಡಂ ಅಕ್ಷರಗಳನ್ನು ಪ್ರೋಟೀನುಗಳ ಭಂಡಾರದಲ್ಲಿ ಹುಡುಕಿದರು. ಉತ್ತರ ಥಟ್ಟನೆ ಬಂತು.

"ಎಮ್ಮಿ ಹಾಲು! ಕಪ್ಪಿ ಯಾವಾಗಿಂದ ಹಾಲು ಕೊಡಾಕ ಹತ್ತೇತಿ ಯಲ್ಲೇಶ? ಹೋಗು, ನಿನ್ನ ನೋಂದಣಿ ಮುಗೀತು."

ಯಲ್ಲೇಶನಿಗೆ ಅಳು ಒತ್ತರಿಸಿ ಬಂತು. ಸಾತಪ್ಪ ಸದ್ದಿಲ್ಲದೆ ತನ್ನ ಶಾಲು ವಾಪಸು ಎಳೆದುಕೊಂಡ.

ಸಾವಂತ್ರವ್ವ ಮಾತ್ರ ಅವನ ಬೆನ್ನು ಸವರಿದಳು. "ಅಳಬ್ಯಾಡೋ ಮಗನ. ಆ ಲೋಳಿ ನನ್ನ ಕೈಯಾಗ ಚೆಲ್ಲಿತ್ತು. ನಿನಗ ಬ್ಯಾಸರ ಆಗಬಾರದಂತ ಸೀಸೆ ತೊಳದು ಹಾಲು ತುಂಬಿಟ್ಟಿದ್ದೆ. ಓಣಿಗಿ ಹಾಕೂ ಹಾಲು ಅಲ್ಲ ಮತ್ತ! ದೇವರಾಣಿ, ಒಂದು ಹನಿ ನೀರು ಸುದ್ದಾ ಬೆರಸಿದ್ದಿಲ್ಲ!"