ಖಂಡುಗಕ್ಕೆ ಎಷ್ಟು ಎಕರೆ?

ಭೂಮಿ ಅಳೆಯೋ ಕೆಲಸಕ್ಕೆ ಬಂದವನಿಗೆ ಇಂಥವು ತಪ್ಪಿದ್ದಲ್ಲ. ಹಾಸನದ ಸುತ್ತ ಯಾವ ಊರಿಗೆ ಹೋದರೂ ಯಾರಾದರೊಬ್ಬರು ತಾತನ ಕಾಲದ ಅಳತೆ ಹೇಳಿ, "ಈಗಿನ ಲೆಕ್ಕಕ್ಕೆ ಎಷ್ಟಾಯ್ತದೆ ಸಾ?" ಅಂತ ನಿಂತಿರುತ್ತಾರೆ. ಮೊನ್ನೆ ಆ ಪ್ರಶ್ನೆ ನಮ್ಮ ಮನೆಗೇ ಬಂತು. ನಮ್ಮಣ್ಣನ ಮಗಳಿಗೆ ಅರಕಲಗೂಡು ಕಡೆಯ ಸಂಬಂಧ. ಹುಡುಗಿ ಹುಡುಗನನ್ನು ಒಪ್ಪಿಬಿಟ್ಟಿದ್ದಳು. ಹುಡುಗನ ಕಡೆಯವರು, "ನಮ್ದು ಎರಡು ಖಂಡುಗ ಗದ್ದೆ" ಅಂದಿದ್ದರು. ಪಹಣಿ ಇನ್ನೂ ದಾಯಾದಿಗಳೆಲ್ಲರ ಹೆಸರಲ್ಲಿ ಒಟ್ಟಿಗೇ ಇತ್ತು, ಪಾಲು ಬರೀ ಬಾಯಿಮಾತು. ಅಣ್ಣ ಫೋನ್ ಮಾಡಿ, "ಭಾನುವಾರ ಮನೆ ನೋಡಕ್ಕೆ ಓಗ್ತಾ ಇದೀವಿ, ನೀನೂ ಬಾ. ಎಕರೆ ಲೆಕ್ಕ ಏಳ್ಬುಡು. ಎರಡು ಎಕರೆಗಿಂತ ಕಮ್ಮಿ ಅಂದ್ರೆ ನಾನು ಒಪ್ಪಾಕಿಲ್ಲ ಕಣ್ಲಾ" ಅಂದ. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಯಾಕೆ ಅಂತ ಹೇಳ್ತೀನಿ.

೧. ಯಾರ ಕೈ?

ಹೊಳೆನರಸೀಪುರದ ಹತ್ತಿರ ಒಂದು ಹಿತ್ತಲ ಜಗಳ. ಹಳೇ ಕ್ರಯಪತ್ರದಲ್ಲಿ "ಬಾವಿಯಿಂದ ಹತ್ತು ಮಾರು" ಅಂತಿತ್ತು. ಮಾರು ಅಂದರೆ ಎರಡೂ ಕೈ ಚಾಚಿ ನಿಂತಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಆಗೋ ಉದ್ದ. "ಯಾರ ಕೈ?" ಅಂತ ನಾನು ಕೇಳಬಾರದಿತ್ತು, ಕೇಳಿದೆ. ಮಾರನೆಯ ದಿನ ಕೊಂಡವನು ತನ್ನ ಭಾಮೈದನನ್ನು ಕರೆತಂದ. ವಾಲಿಬಾಲ್ ಆಡೋನು, ಬಾಗಿಲಲ್ಲಿ ತಲೆ ತಗ್ಗಿಸಿಕೊಂಡೇ ಬರಬೇಕು. ಮಾರಿದವನ ಕಡೆಯಿಂದ ಅವನ ಸೋದರತ್ತೆ ಬಂದಿದ್ದರು, ನನ್ನ ಮೊಣಕೈ ಎತ್ತರ. ನಾನು, "ಮಾರಿಗೆ ಆರಡಿ ಅಂತ ಇಟ್ಕೊಳ್ಳೋಣ" ಅಂದೆ. ಸೋದರತ್ತೆ, "ಆರಡಿ ಗಂಡ್ಸು ನಮ್ಮೂರಲ್ಲಿ ಉಟ್ಟೇ ಇಲ್ಲ ಕಣಪ್ಪ. ಈ ಉಡುಗ ಬ್ಯಾರೆ ಊರೋನು" ಅಂದರು.

೨. ನಾಲ್ಕು ಸಾವಿರ

ಚನ್ನರಾಯಪಟ್ಟಣದ ಕಡೆ ಒಬ್ಬರಿಗೆ ಅವರ ಒಂದು ಎಕರೆಯನ್ನು ಚದರ ಮೀಟರಿಗೆ ಮಾಡಿಕೊಟ್ಟೆ. ನಾಲ್ಕು ಸಾವಿರದ ಚಿಲ್ಲರೆ ಬಂತು. ಅವರ ಮುಖ ಅರಳಿತು. ಸಂಜೆಗೆಲ್ಲ ಪಕ್ಕದ ಜಮೀನಿನವರು ಸಿಟ್ಟಾಗಿ ಬಂದರು. "ಅವಂದು ನಾಲ್ಕ್ ಸಾವ್ರ ಮಾಡ್ಕೊಟ್ಟಿದೀರಂತೆ. ನಂದೂ ಅಷ್ಟೇ ಅಗಲ ಐತೆ, ಇನ್ನೂ ಒಂದು ಅಂತ್ಲೇ ಬಿಟ್ಟಿದೀರಲ್ಲ ಸಾ." ಎರಡೂ ಒಂದೇ, ಅಳತೆ ಹೆಸರು ಬೇರೆ ಅಷ್ಟೆ ಅಂತ ಗಂಟಲು ಒಣಗೋ ತನಕ ವಿವರಿಸಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಅಂಗಾದ್ರೆ ನಂಗೆ ಇಂಚಲ್ಲಿ ಮಾಡ್ಕೊಡಿ" ಅಂದರು.

೩. ಬಿಗಿ ಕೈ

ನನ್ನ ನೆಮ್ಮದಿ ಕೆಡಿಸಿದ್ದು ಮಾತ್ರ ಸಾಲಗಾಮೆ ಕಡೆಯ ಒಬ್ಬ ಅಜ್ಜಿ. ಒಂದು ಖಂಡುಗ ಬೀಜ ಚೆಲ್ಲಿದರೆ ಎಷ್ಟು ನೆಲಕ್ಕೆ ಆಗುತ್ತೋ ಅಷ್ಟು ನೆಲವೇ ಒಂದು ಖಂಡುಗ, ಹಳಬರ ಲೆಕ್ಕ ಅದು. ಅಜ್ಜಿಯ ಗದ್ದೆ ಒಂದು ಖಂಡುಗ, ಪಕ್ಕದವರದ್ದೂ ಒಂದು ಖಂಡುಗ. ಟೇಪ್ ಹಿಡಿದರೆ ಅಜ್ಜಿಯದು ಒಂದೂವರೆ ಪಟ್ಟು. ಪಕ್ಕದವರು ಒತ್ತುವರಿ ಅಂತ ಕೂಗಾಡಿದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ, "ಒತ್ತುವರಿ ಅಲ್ಲ ಕಣಪ್ಪ. ನಮ್ಮ ಮಾವಂದು ಬಿಗಿ ಕೈ. ಒಂದ್ ಇಡಿ ಬೀಜದಲ್ಲಿ ಅರ್ಧ ಗದ್ದೆ ದಾಟ್ಬುಡೋರು" ಅಂದರು.

ಅಂದರೆ ಜಿಪುಣರ ಖಂಡುಗ ದೊಡ್ಡದು, ಧಾರಾಳಿಗಳದ್ದು ಚಿಕ್ಕದು. ಇದಕ್ಕೆ ಯಾವ ಸೂತ್ರ ಹಾಕೋಣ ಹೇಳಿ.

೪. ತುಪ್ಪದ ಲೆಕ್ಕ

ಭಾನುವಾರ ಕಾರು ಹತ್ತಿದೆವು. ಹೊರಡುವಾಗ ಹುಡುಗಿ ಮೆಲ್ಲಗೆ, "ಚಿಕ್ಕಪ್ಪ, ಏನಾದ್ರೂ ಮಾಡಿ ಎರಡು ಎಕರೆ ದಾಟಿಸ್ಬುಡಿ" ಅಂದಿದ್ದಳು. ಸಂಬಂಧ ನೋಡೋಕೆ ಹೋದವನು ಅವರ ಗದ್ದೇಲಿ ಟೇಪ್ ಹಿಡಿಯೋಕಾಗುತ್ತಾ? ಹುಡುಗನ ತಾತನನ್ನೇ ನಯವಾಗಿ ಕೇಳಿದೆ, ಬಿತ್ತುವಾಗ ನಿಮ್ಮ ಮನೆಯವರ ಕೈ ಹೇಗೆ ಅಂತ. ತಾತ ಮೀಸೆ ತೀಡಿ, "ನಮ್ಮಪ್ಪಂದೂ ನಂದೂ ಒಂದೇ ಕೈ. ಧಾರಾಳ" ಅಂದರು. ಅಣ್ಣ ಮೆಚ್ಚಿಕೊಂಡು ತಲೆಯಾಡಿಸಿದ. ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಹೋಯ್ತು, ಖಂಡುಗಕ್ಕೆ ಮುಕ್ಕಾಲು ಎಕರೆ ಹಿಡಿದರೂ ಒಂದೂವರೆ ದಾಟೋದಿಲ್ಲ.

ಊಟಕ್ಕೆ ಕೂತೆವು. ಬೀಗರಾಗೋರಿಗೆ ತಾನೇ ತುಪ್ಪ ಬಡಿಸಬೇಕು ಅಂತ ತಾತ ಮಿಳ್ಳೆ ಹಿಡಿದು ಬಂದರು. ನಾನು ಅವರ ಕೈಯನ್ನೇ ನೋಡ್ತಿದ್ದೆ. ಅನ್ನದ ಮೇಲೆ ಒಂದು ತೊಟ್ಟು ಬಿತ್ತು. ಎರಡನೇದು ಮಿಳ್ಳೆಯ ಮೂತಿ ತನಕ ಬಂತು, ತಾತ ಮಿಳ್ಳೆ ನೆಟ್ಟಗೆ ಮಾಡಿದರು, ವಾಪಸ್ ಒಳಗೆ ಹೋಯ್ತು.

ನನಗೆ ಹೋದ ಜೀವ ಬಂದಂತಾಯಿತು. "ಅಣ್ಣ, ಎರಡೂವರೆ ಎಕರೆಗೆ ಮೋಸ ಇಲ್ಲ" ಅಂದುಬಿಟ್ಟೆ. ಪಂಕ್ತಿಯವರೆಲ್ಲ ತಿರುಗಿ ನೋಡಿದರು. "ಅದೆಂಗೆ ಏಳ್ತೀಯ?" ಅಂದ ಅಣ್ಣ. ಅವನ ಕಿವಿಯಲ್ಲಿ ಬಿಗಿ ಕೈಯ ವಿಚಾರ ಪೂರ್ತಿ ಹೇಳಿದೆ. ಅಣ್ಣ ತನ್ನ ಎಲೆ ನೋಡಿಕೊಂಡ. ಅವನಿಗೂ ಒಂದೇ ತೊಟ್ಟು. ಮುಖ ಸಪ್ಪಗಾಯಿತು. "ಗದ್ದೆ ಸರಿ ಕಣ್ಲಾ. ನಮ್ಮುಡ್ಗಿ ಈ ಮನೇಲಿ ಉಣ್ಬೇಕಲ್ಲ?" ಅಂದ.

ಅವನ ಪಿಸುಮಾತು ಅಡುಗೆಮನೆಗೂ ಕೇಳಿಸುತ್ತೆ. ಒಳಗಿಂದ ಹುಡುಗನ ಅಜ್ಜಿ ಬಂದರು. ತಾತನ ಕೈಯಿಂದ ಮಿಳ್ಳೆ ಕಿತ್ತುಕೊಂಡು ಅಣ್ಣನ ಎಲೆ ಮೇಲೆ ಬೋರಲು ಹಾಕಿದರು. ತುಪ್ಪ ಎಲೆ ದಾಟಿ ಅವನ ಪಂಚೆಗೆ ಇಳಿಯಿತು. "ಬಿತ್ತೋರು ಇವ್ರು, ಬಡ್ಸೋಳು ನಾನು. ಉಡ್ಗಿನ ಕಳ್ಸಪ್ಪ" ಅಂದರು.

ಅಣ್ಣ ಅಲ್ಲೇ ಒಪ್ಪಿಕೊಂಡ. ಎಲ್ಲರೂ ನಕ್ಕು, ಲಗ್ನದ ಮಾತು ಶುರುವಾಯಿತು. ತಾತ ಮಾತ್ರ ಅಣ್ಣನ ಪಂಚೆಯನ್ನೇ ನೋಡುತ್ತಾ ಕೂತಿದ್ದರು.