ರಬ್ಬರ್ ಪಟ್ಟಿ ಕಟ್ಟಿ ನಡೆಯಿರಿ ಅಂದರೆ

ಇಂಜೆಕ್ಷನ್ನಿಗೆ ಹೆದರಿ ಓಡುವವರನ್ನು ಹೇಗೋ ಹಿಡಿದು ಕೂರಿಸಬಹುದು. 'ಸ್ವಲ್ಪ ನಡೆದು ತೋರಿಸಿ' ಅಂದರೆ ಮಾತ್ರ ನಮ್ಮ ಜನ ಏನಾದರೊಂದು ಮಾಡಿಯೇ ತೀರುತ್ತಾರೆ.

ಐವತ್ತರ ದಶಕದಲ್ಲಿ, ರಾಜಾಜಿನಗರ ಇನ್ನೂ ಏಳುತ್ತಿದ್ದಾಗ, ನಾನು ಅಲ್ಲಿ ಷಾಪು ಇಟ್ಟೆ. ಡಾಕ್ಟರ ಕ್ಲಿನಿಕ್ಕಿಗೆ ಆಗ ಹಾಗೇ ಅನ್ನುತ್ತಿದ್ದರು. ದಿನವಿಡೀ ನಿಂತು ಕಾಲಿನ ನರ ಉಬ್ಬಿಸಿಕೊಂಡವರು ಬರುತ್ತಿದ್ದರು. ಪರೀಕ್ಷೆಗೆ ಸೂಜಿ ಬೇಡ, ಕತ್ತರಿ ಬೇಡ. ಮೊಣಕಾಲಿನ ಮೇಲೆ ರಬ್ಬರ್ ಪಟ್ಟಿ ಕಟ್ಟಿ ನಡೆಸುವುದು. ಮೀನಖಂಡ ರಕ್ತವನ್ನು ಒತ್ತಿ ಒಳಗಿನ ನರಗಳ ಮೂಲಕ ಮೇಲಕ್ಕೆ ಕಳಿಸಿದರೆ ಉಬ್ಬಿದ ನರ ಇಳಿಯುತ್ತದೆ, ಆಪರೇಷನ್ ಮಾಡಬಹುದು. ಇಳಿಯದಿದ್ದರೆ ಒಳಗಿನ ದಾರಿ ಕಟ್ಟಿದೆ ಎಂದರ್ಥ, ಮುಟ್ಟುವ ಹಾಗಿಲ್ಲ.

ಡ್ರಿಲ್ ಮೇಷ್ಟ್ರು

ಸ್ಕೂಲಿನ ಡ್ರಿಲ್ ಮೇಷ್ಟ್ರೊಬ್ಬರಿಗೆ, ನಡೆಯುವ ಬದಲು ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸಿದರೂ ಆದೀತು ಎಂದೆ. ಬಾಯಿ ಬಿಡದೆ ಕಾಲೆತ್ತಿ ಅವರಿಗೆ ಅಭ್ಯಾಸವಿಲ್ಲ. "ಅಪ್! ಡೌನ್!" ಎಂದು ಕೂಗಿದ್ದೇ ತಡ, ಬೆಂಚಿನಲ್ಲಿ ಕಾಯುತ್ತಿದ್ದವರೆಲ್ಲ ಎದ್ದು ಹಿಮ್ಮಡಿ ಎತ್ತತೊಡಗಿದರು. ಅವರಲ್ಲಿ ಹಲ್ಲುನೋವಿನ ಅಜ್ಜಿಯೂ ಒಬ್ಬರು. ಮಾರನೆಯ ದಿನ ಬಂದು, "ನೋವು ಅರ್ಧ ಇಳೀತು ಕಣಪ್ಪ. ಇವತ್ತು ಮೇಷ್ಟ್ರು ಬರಲ್ವಾ?" ಎಂದರು.

ಅರಳಿಮರ

ಷಾಪಿನ ಅಂಗಳದಲ್ಲಿ ಅರಳಿಮರವಿತ್ತು. ಹೆಂಗಸೊಬ್ಬರಿಗೆ ಪಟ್ಟಿ ಕಟ್ಟಿ ಅಂಗಳದಲ್ಲಿ ಓಡಾಡಿ ಎಂದರೆ, ಆಕೆ ಚಪ್ಪಲಿ ಬಿಟ್ಟು ಮರ ಸುತ್ತತೊಡಗಿದರು. ನೋಡುತ್ತಿದ್ದ ಇನ್ನಿಬ್ಬರು ಹಿಂದೆ ಸೇರಿಕೊಂಡರು. ಸಾಕು ಬನ್ನಿ ಎಂದು ಕರೆದೆ.

"ಸುಮ್ನಿರಿ ಡಾಕ್ಟ್ರೇ, ಪ್ರದಕ್ಷಿಣೆ ಅರ್ಧಕ್ಕೆ ನಿಲ್ಲಿಸ್ಬಾರ್ದು" ಎಂದು ನನ್ನನ್ನೇ ಗದರಿದರು.

ನರವೇನೋ ಚೆನ್ನಾಗಿಯೇ ಇಳಿದಿತ್ತು. ಆಪರೇಷನ್ ಆಗಿ ಕಾಲು ವಾಸಿಯಾದ ಮೇಲೆ ಬಂದು ಮರಕ್ಕೆ ತೆಂಗಿನಕಾಯಿ ಒಡೆದರು. ನನಗೂ ಒಂದು ಚೂರು ಕೊಟ್ಟರು.

ಯಜಮಾನರು

ಕೆಂಗೇರಿ ಕಡೆಯ ಹಳ್ಳಿಯ ಯಜಮಾನರು, ದೊಡ್ಡ ಜಮೀನಿನವರು, ಕಾಲಿನಲ್ಲಿ ಮಾಯದ ಹುಣ್ಣು ಇಟ್ಟುಕೊಂಡು ಬಂದರು. ಸ್ವಂತ ಹೊಲದ ಬದುವಿನವರೆಗೂ ಹೋಗಲಾಗುತ್ತಿಲ್ಲ ಎಂದು ಕಣ್ಣಲ್ಲಿ ನೀರು. ಆಪರೇಷನ್ ಒಂದೇ ಅವರಿಗಿದ್ದ ಆಸೆ. ಪಟ್ಟಿ ಕಟ್ಟಿ, ಪರೀಕ್ಷೆ ಹೀಗೆ ಹೀಗೆ ಎಂದು ಹೇಳಿ, ಒಳಗೆ ಒಂದು ಮಗುವನ್ನು ನೋಡಲು ಹೋದೆ.

ವಾಪಸು ಬಂದರೆ ಯಜಮಾನರು ಕುರ್ಚಿಯಲ್ಲಿ ಕೂತಿದ್ದಾರೆ, ನರ ಹಗ್ಗದ ಹಾಗೆ ಉಬ್ಬಿ ನಿಂತಿದೆ. ಪಾಪ ಅನ್ನಿಸಿತು. "ಯಜಮಾನ್ರೇ, ಆಪರೇಷನ್ ಮಾಡೋ ಹಾಗಿಲ್ಲ" ಎಂದೆ.

ಅವರ ಮುಖ ಸಣ್ಣದಾಯಿತು. "ಅಷ್ಟೊಂದು ನಡ್ಸಿದ್ರೂ ಆಗ್ಲಿಲ್ವಾ ಸ್ವಾಮಿ?"

"ನಡ್ಸಿದ್ರಾ? ಯಾರನ್ನ?"

ಅಂಗಳದ ಕಡೆ ಕೈ ತೋರಿಸಿದರು. ಅವರ ಆಳು ಬೆವರು ಸುರಿಸಿಕೊಂಡು ಇನ್ನೂ ಓಡಾಡುತ್ತಿದ್ದ.

"ದೇವಸ್ಥಾನದಲ್ಲಿ ನನ್ನ ಉರುಳುಸೇವೆನೂ ಇವ್ನೇ ಮಾಡೋದು" ಎಂದರು ಯಜಮಾನರು.

ಪಟ್ಟಿ ಬಿಚ್ಚಿ ಮತ್ತೆ ಕಟ್ಟಿ, ಅವರನ್ನೇ ಎಬ್ಬಿಸಿ ನಡೆಸಿದೆ. ಗೊಣಗುತ್ತ ನಡೆದರು. ನರ ಇಳಿಯಿತು. ನನಗೂ ಜೀವ ಬಂದ ಹಾಗಾಯಿತು.

"ಗೆದ್ರಿ! ಮುಂದಿನ ವಾರ ಆಪರೇಷನ್, ಆಸ್ಪತ್ರೆಗೆ ಬನ್ನಿ" ಎಂದೆ.

ಯಜಮಾನರು ಆಳಿನ ಕಡೆ ಒಮ್ಮೆ ನೋಡಿ, ಸ್ವರ ತಗ್ಗಿಸಿ ಕೇಳಿದರು: "ಅದಕ್ಕೂ ನಾನೇ ಬರ್ಬೇಕಾ ಸ್ವಾಮಿ?"